ಕೌಂಟೆಸ್ ಪೆಟ್ಟಿಗೆಯ ಹುಣಸೆ ನಾರು

ವಿಮಲಾ ಆಂಟಿ,

ಇವತ್ತು ಬೆಳಿಗ್ಗೆ ನಿಮ್ಮ ಫ್ರೆಂಚ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಸಂದಿಯಲ್ಲಿ ಒಂದು ಹುಣಸೆ ನಾರು ಕಂಡಿತು. ಒಣಗಿ ಕೂದಲಿನಷ್ಟು ತೆಳ್ಳಗಾಗಿತ್ತು. ಉಗುರಿನಿಂದ ತೆಗೆಯಹೋದವಳು ಕೈ ಹಿಂದೆಗೆದೆ. ನೀವು ತೀರಿಹೋಗಿ ನಾಲ್ಕು ತಿಂಗಳು. ನಮ್ಮ ಕಿಟಕಿಯಿಂದ ಈಗಲೂ ನಿಮ್ಮ ಅಡುಗೆಮನೆ ಕಾಣುತ್ತದೆ. ಅತ್ತ ನೋಡುವುದನ್ನು ಹೇಗೆ ಬಿಡಲಿ?

ಆ ಪೆಟ್ಟಿಗೆಯನ್ನು ಕೊಂಡ ದಿನ ನೆನಪಿದೆಯೇ? ಪಕ್ಕದ ಸಿರಿವಂತರ ಊರು ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ, ಕೆಲಸ ಕಳೆದುಕೊಂಡ ಕಾರ್ ಕಂಪನಿಯ ಅಧಿಕಾರಿಯೊಬ್ಬರು ಮನೆಯ ಸಾಮಾನನ್ನೆಲ್ಲ ಮಾರುತ್ತಿದ್ದರು. ಆ ವರ್ಷ ಬೀದಿಗೊಂದು ಮನೆ ಹಾಗೆ ಖಾಲಿಯಾಗುತ್ತಿತ್ತು. ಅಂಗೈಗಿಂತ ತುಸು ದೊಡ್ಡ ಪೆಟ್ಟಿಗೆ, ಕಂಚಿನ ಮೇಲೆ ತೆಳುವಾದ ಚಿನ್ನದ ನೀರು, ಮುಚ್ಚಳದ ಮೇಲೊಂದು ಪುಟ್ಟ ಕಿರೀಟ. ಒಳಗೆ ಮಡಿಸಿಟ್ಟ ಫ್ರೆಂಚ್ ಕಾಗದ. ಕಾರಿನಲ್ಲಿ ಕೂತ ಕೂಡಲೇ ಅದನ್ನು ನನ್ನ ತೊಡೆಯ ಮೇಲಿಟ್ಟಿರಿ.

“ಫ್ರೆಂಚ್ ಸಾಹಿತ್ಯ ಓದಿ ಏನು ಪ್ರಯೋಜನ ಅಂತ ನಿಮ್ಮಮ್ಮ ಗೊಣಗ್ತಾಳಲ್ಲ. ಇದನ್ನ ಓದು, ನಾನು ಅವಳಿಗೆ ಹೇಳ್ತೀನಿ.”

ಕಾಗದದಲ್ಲಿದ್ದದ್ದು ಇಷ್ಟೇ: ಪ್ಯಾರಿಸ್ಸಿನ ಒಂದು ಅಂಗಡಿಯಲ್ಲಿ ಮಾಡಿದ್ದು, ಕಿರೀಟ ಬರೀ ಅಲಂಕಾರ, ಮೊದಲ ಒಡೆಯರು ಯಾರೆಂದು ತಿಳಿದಿಲ್ಲ. ನೀವು ಕಾರು ಸ್ಟಾರ್ಟ್ ಮಾಡದೆ ನನ್ನ ಮುಖವನ್ನೇ ನೋಡುತ್ತಿದ್ದಿರಿ. ಓದು ಮುಗಿಸಿ, ಕೆಲಸ ಸಿಗದೆ ಒಂದು ವರ್ಷ ಮನೆಯಲ್ಲಿ ಕೂತವಳನ್ನು ಅಷ್ಟು ಆಸೆಯಿಂದ ಯಾರೂ ಏನನ್ನೂ ಕೇಳಿರಲಿಲ್ಲ.

“ಯಾರೋ ಕೌಂಟೆಸ್‌ದಂತೆ ಆಂಟಿ, ಅಂದ್ರೆ ದೊಡ್ಡ ಮನೆತನದ ರಾಣಿಯಂಥವಳದು,” ಎಂದುಬಿಟ್ಟೆ.

ಆಮೇಲೆ ಅದು ನಿಮ್ಮ ಕುಂಕುಮದ ಭರಣಿಯಾಯಿತು. ಬಂದ ಹೆಂಗಸರಿಗೆಲ್ಲ, “ತಗೊಳ್ರೀ, ಕೌಂಟೆಸ್ ಮನೆ ಕುಂಕುಮ. ನಿಮ್ಮನೇಲಿ ಇನ್ನೂ ಸ್ಟೀಲ್ ಬಟ್ಟಲೇನಾ?” ಎಲ್ಲರೂ ನಗುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ಗೌರಿಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜಿದಿರಿ. ಕಿರೀಟದ ಚಿನ್ನ ಹೊರಟೇಹೋಯಿತು. “ಎಷ್ಟು ತಲೆಮಾರು ಕಾಪಾಡಿದ್ದೋ, ನಾನು ಹಾಳ್ಮಾಡ್ಬಿಟ್ನಲ್ಲೇ,” ಎಂದು ಸಿಂಕಿನ ಮುಂದೆ ನಿಂತು ಅತ್ತಿರಿ. ಕೊನೆಗೆ ಆಸ್ಪತ್ರೆಯಲ್ಲೂ ಅದೇ ಮಾತು. ಆಗಲಾದರೂ ನಾನು ನಿಜ ಹೇಳಬೇಕಿತ್ತು... ನಿಮ್ಮ ಹೊದಿಕೆ ಸರಿಮಾಡಿ ಎದ್ದು ಬಂದೆ ಆಂಟಿ.

ನಿನ್ನೆ ನಿಮ್ಮ ಯಜಮಾನರು, ಅಂಕಲ್, ಅದನ್ನು ನಮ್ಮ ಮನೆಗೆ ತಂದರು. ಅವರ ಕೆಲಸವೂ ಹೋಗಿದೆ. ಸಾಮಾನೆಲ್ಲ ಮಾರಿ, ನಮ್ಮ ಈ ಕ್ಯಾಂಟನ್ ಊರು ಬಿಟ್ಟು ದೂರದ ಗ್ಲೆಂಡೇಲ್ ಹೈಟ್ಸ್‌ಗೆ, ಮಗಳ ಮನೆಗೆ ಹೊರಟಿದ್ದಾರೆ.

“ಹಳೇ ಸಾಮಾನಿನ ಅಂಗಡಿಯವನು, ಇದು ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಬರೆದು ತನ್ನಿ ಅಂದಿದಾನಮ್ಮ. ಆ ಕೌಂಟೆಸ್ ಕಥೆ ಇಂಗ್ಲಿಷಲ್ಲಿ ಬರ್ದು ಕೊಡು. ಅವಳು ಇದ್ದಿದ್ರೆ ಪಕ್ಕದಲ್ಲೇ ಕೂತು ಬರೆಸ್ತಿದ್ಲು.”

ಬರೆದಿದ್ದೇನೆ. ಮೊದಲ ಒಡೆಯರು ತಿಳಿದಿಲ್ಲ. ಕೊನೆಯ ಒಡತಿ ವಿಮಲಾ, ಮೈಸೂರಿನವರು, ಇದರಲ್ಲಿ ಕುಂಕುಮ ಇಡುತ್ತಿದ್ದರು. ಕಿರೀಟದ ಚಿನ್ನ ಹೋದದ್ದು ಹುಣಸೆಹಣ್ಣಿನಿಂದ. ಅಷ್ಟೇ. ನೀವು ಯಾವ ಮನೆತನದ್ದನ್ನೂ ಹಾಳು ಮಾಡಿರಲಿಲ್ಲ ಆಂಟಿ. ಅದು ನಿಮ್ಮದೇ ಆಗಿತ್ತು.

ನಾರನ್ನು ಅಲ್ಲೇ ಬಿಟ್ಟು ಮುಚ್ಚಳ ಹಾಕಿದೆ. ಸಂಜೆ ನಿಮ್ಮ ಮನೆ ಬಾಗಿಲು ತಟ್ಟಿ, ಆ ಕೌಂಟೆಸ್ಸನ್ನು ಹುಟ್ಟಿಸಿದವಳು ನಾನೇ ಎಂದು ಅಂಕಲ್‌ಗೆ ಹೇಳುತ್ತೇನೆ.