ಹಿರಿಯರ ಒಪ್ಪಿಗೆ: ಪಾಲಮ್ಮ

ಹರಿಯಬ್ಬೆ
೧೬ ನವೆಂಬರ್ ೨೦೨೫

ಪ್ರೀತಿಯ ಅಜ್ಜೀ,

ನಿನ್ನ ಮೊಮ್ಮಗಳು ಯಶೋದಾ ಮಾಡುವ ನಮಸ್ಕಾರ. ಮಂಡಿನೋವು ಹೇಗಿದೆ? ಲತಾ ಅತ್ತೆಯ ಬಾಣಂತನಕ್ಕೆಂದು ಮತ್ತೋಡಿಗೆ ಹೋದವಳು ಇಷ್ಟು ಹೊತ್ತಿಗೆ ಅಲ್ಲಿನ ಓಣಿಯ ಮಕ್ಕಳಿಗೆಲ್ಲ ಎಣ್ಣೆ ಹಚ್ಚುತ್ತಿರಬೇಕು. ಮಗು ರಾತ್ರಿ ಮಲಗುತ್ತದೆಯೇ? ಬೆಳಗಿನ ಥಂಡಿಗೆ ನೀನು ಹೊರಗೆ ಕೂರಬೇಡ. ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ಸ್ಪೀಕರ್ ಹಾಕದೆ ನಿನಗೆ ಕೇಳುವುದಿಲ್ಲ, ಇದು ಓಣಿಗೆಲ್ಲ ಕೇಳುವ ವಿಷಯವೂ ಅಲ್ಲ. ನೀನೇ ಓದಿಕೊಳ್ಳಲೆಂದು ಅಕ್ಷರ ದಪ್ಪಗೆ ಬರೆದಿದ್ದೇನೆ. ನನ್ನ ಮದುವೆಯ ವಿಷಯ, ಅಜ್ಜಿ. ನಿನ್ನಿಂದ ಒಂದು ಮಾತು ಬೇಕು. ಗಾಬರಿಯಾಗದೆ ಪೂರ್ತಿ ಓದು.

ನಮ್ಮ ಸಂಘದ ಸಾಮೂಹಿಕ ಮದುವೆಗೆ ಹೆಸರು ಬರೆಸುವ ವೆಬ್ ಫಾರಂ ಮಾಡುವ ಕೆಲಸ ಈ ವರ್ಷ ಹಿರಿಯೂರಿನ ನಮ್ಮ ಕಂಪ್ಯೂಟರ್ ಸೆಂಟರಿಗೆ, ಅಂದರೆ ನನ್ನ ತಲೆಗೆ ಬಂತು. ಹೋದ ವರ್ಷದ ಫಾರಂ ಏನು ತುಂಬಿದರೂ ನುಂಗಿಕೊಳ್ಳುತ್ತಿತ್ತು. ಒಬ್ಬ ಮಹಾಶಯ ಹುಡುಗಿಯ ವಯಸ್ಸಿನ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರೆದಿದ್ದನಂತೆ. ಒಂದೇ ಕುಲದ, ಒಂದೇ ಬೆಡಗಿನವರು, ವರಸೆಯಲ್ಲಿ ಅಣ್ಣ ತಂಗಿ ಆಗಬೇಕಾದವರು, ಬಾಸಿಂಗ ಕಟ್ಟಿಕೊಳ್ಳುವ ತನಕ ಬಂದುಬಿಟ್ಟಿದ್ದರಂತೆ. ಅದಕ್ಕೆ ನಾನು ಮಾಹಿತಿ ಕೂಡಿಡುವ ಕಡೆಯಲ್ಲೇ ನಿಯಮಗಳನ್ನು ಬರೆದಿಟ್ಟೆ: ವಯಸ್ಸು ಕಾಯಿದೆ ಹೇಳುವಷ್ಟು ಆಗಿರಬೇಕು, ಇಬ್ಬರ ಬೆಡಗು ಬೇರೆ ಇರಬೇಕು, ಒಪ್ಪಿಗೆ ಕೊಟ್ಟ ಹಿರಿಯರ ಹೆಸರು ಖಾಲಿ ಇರಬಾರದು. ಫಾರಂ ಆ ನಿಯಮಗಳನ್ನು ತಾನೇ ಓದಿಕೊಂಡು, ತಪ್ಪಿದ ಕಡೆ ಅಲ್ಲೇ ಕೆಂಪು ಗೆರೆ ಎಳೆದು ನಿಲ್ಲಿಸುತ್ತದೆ.

ಈ ಕೆಂಪು ಗೆರೆಯಿಂದ ದೊಡ್ಡ ಫಜೀತಿಯಾಯಿತು. ಸಂಘದ ಅಧ್ಯಕ್ಷರು ಮುರುಗಪ್ಪನವರು ಮೊದಲ ದಿನವೇ ಬಂದು ಎಲ್ಲ ತಪ್ಪು ತುಂಬಿ, ಕೆಂಪು ಬಂದಷ್ಟೂ ಖುಷಿಪಟ್ಟರು. ‘ಮದ್ವೆ ಕೆಲ್ಸ ಅಲ್ವೇನಮ್ಮ, ಕುಂಕುಮದ ಬಣ್ಣ ಬಂತು ಅಂದ್ರೆ ಶುಭನೇ ಅಲ್ವಾ’ ಅಂದರು. ಕೆಳಗೆ ‘ಅಮಾನ್ಯ’ ಎಂದು ಬರೆದಿದ್ದನ್ನು ತೋರಿಸಿದ ಮೇಲೆ ಮುಖ ಸಪ್ಪೆಯಾಯಿತು. ಮದುವೆ ಕಾಗದದಲ್ಲಿ ಅಂಥ ಮಾತು ಬರಬಾರದಂತೆ. ಈಗ ಬಣ್ಣ ಬೂದು ಮಾಡಿದ್ದೇನೆ, ‘ಅಮಾನ್ಯ’ ತೆಗೆದು ‘ಇದೊಂದು ಬಾಕಿ ಐತೆ, ನೋಡ್ರಿ’ ಎಂದು ಹಾಕಿದ್ದೇನೆ. ಎಲ್ಲರೂ ನಗುತ್ತ ತುಂಬುತ್ತಿದ್ದಾರೆ.

ಇನ್ನು ನನ್ನ ಫಜೀತಿ. ನಿಯಮಗಳು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡಲು ಸುಳ್ಳು ಹೆಸರುಗಳನ್ನು ತುಂಬಿ ನೋಡಬೇಕು. ನಮ್ಮ ಮೇಕೆಗಳ ಹೆಸರನ್ನೆಲ್ಲ ಹಾಕಿ ನೋಡಿದೆ. ಕೊನೆಗೆ ವಧು ಯಶೋದಾ, ವರ ಸುದೀಪ ಎಂದು ಹಾಕಿದೆ. ಹೌದು, ಜುಂಜಣ್ಣನವರ ಮಗ, ಕುರಿಗಳಿಗೆ ಲಸಿಕೆ ಹಾಕುತ್ತ ಊರೂರು ತಿರುಗುವವನು. ಬೇರೆ ಹೆಸರು ಹೊಳೆಯಲಿಲ್ಲವೇನೇ ಎಂದು ಕೇಳುತ್ತೀಯ. ಹೊಳೆದವು, ಹಾಕಲು ಮನಸ್ಸಾಗಲಿಲ್ಲ. ಅವನೆಂದರೆ ನನಗೆ ಇಷ್ಟ ಅಜ್ಜಿ, ಅವನಿಗೂ ನಾನೆಂದರೆ ಇಷ್ಟ. ಹಿರಿಯರ ಹೆಸರು ಬೇಕು ಎಂದು ಫಾರಂ ತಡೆಯಿತು. ಪಾಲಮ್ಮ ಎಂದು ಬರೆದೆ. ತಕ್ಷಣ ಒಪ್ಪಿಕೊಂಡಿತು. ಆ ಜಾಗ ತುಂಬಿದೆಯೇ ಎಂದು ನೋಡುವಷ್ಟೇ ಬುದ್ಧಿ ಅದಕ್ಕೆ, ನೀನು ನಿಜವಾಗಿ ಹೂಂ ಅಂದೆಯಾ ಎಂದು ಅದು ಯಾರನ್ನು ಕೇಳಬೇಕು!

ಮೇಕೆಗಳನ್ನೆಲ್ಲ ಅಳಿಸಿದೆ. ಇದೊಂದನ್ನು ಅಳಿಸಲು ಮರೆತೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನಗೆ ನಿಜ ಹೇಳುತ್ತೇನೆ, ಆಗಾಗ ತೆಗೆದು ನೋಡಿಕೊಳ್ಳುತ್ತಿದ್ದೆ, ಅಳಿಸಲು ಕೈ ಬರಲಿಲ್ಲ. ನಿನ್ನೆ ಸಂಘದ ಸಭೆಯಲ್ಲಿ ಮುರುಗಪ್ಪನವರು ಪಟ್ಟಿ ತೆಗೆದುಕೊಂಡು ಮೈಕಿನಲ್ಲಿ ಓದಿಯೇಬಿಟ್ಟರು, ‘ಒಪ್ಪಿಗೆ ಕೊಟ್ಟ ಹಿರಿಯರು, ಪಾಲಮ್ಮ’ ಎಂಬುದನ್ನೂ ಸೇರಿಸಿ. ಸಭೆಗೆ ಸಭೆಯೇ ತಿರುಗಿ ನನ್ನನ್ನು ನೋಡಿತು. ಜುಂಜಣ್ಣನವರ ಕುರಿ ನಮ್ಮ ಶೇಂಗಾ ಹೊಲ ಮೇಯ್ದ ವರ್ಷದಿಂದ ನೀನು ಅವರ ಜೊತೆ ಮಾತು ಬಿಟ್ಟಿರುವುದು ಯಾರಿಗೆ ಗೊತ್ತಿಲ್ಲ? ಜುಂಜಣ್ಣನವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ‘ಪಾಲಕ್ಕನೇ ಒಪ್ಪಿದ್ ಮ್ಯಾಲೆ ನಮ್ದೇನೈತೆ’ ಅಂದರು. ಅಪ್ಪ ಮನೆಗೆ ಬಂದು ‘ನಮ್ಗೊಂದ್ ಮಾತು ಹೇಳ್ದಂಗೆ ಅಜ್ಜಿ ಮೊಮ್ಮಗ್ಳು ಸೇರ್ಕಂಡ್ ಮುಗ್ಸಿದೀರಲ್ಲೇ’ ಎಂದು ಸಿಟ್ಟು ಮಾಡಿ, ಆಮೇಲೆ ನಕ್ಕರು. ಅವ್ವ ಆಗಲೇ ಸೀರೆಯ ಲೆಕ್ಕದಲ್ಲಿದ್ದಾಳೆ. ನೀನು ಕೊಡದ ಒಪ್ಪಿಗೆಯ ಮೇಲೆ ಎಲ್ಲರೂ ಒಪ್ಪಿದ್ದಾರೆ ಅಜ್ಜಿ, ನಿನ್ನದೊಂದೇ ಬಾಕಿ. ನನಗೆ ಖುಷಿಯೂ ಆಗಿದೆ, ಅಷ್ಟೇ ಹೆದರಿಕೆಯೂ ಆಗಿದೆ.

ನಿನ್ನ ಹೆಸರನ್ನು ಕೇಳದೆ ಬರೆದದ್ದಕ್ಕೆ ಎಷ್ಟು ಬೇಕಾದರೂ ಬೈ. ಅತ್ತೆಗೆ, ಮಾವನಿಗೆ ನಮಸ್ಕಾರ, ಪಾಪುವಿಗೆ ಎರಡೂ ಕೆನ್ನೆಗೆ ಮುತ್ತು. ಔಷಧಿ ತಪ್ಪಿಸಬೇಡ.

ನಿನ್ನ ಮುದ್ದಿನ, ಸದ್ಯಕ್ಕೆ ನಡುಗುತ್ತಿರುವ
ಯಶೋದಾ

ತಾ.ಕ.: ಇದನ್ನು ಅಂಚೆಗೆ ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಜುಂಜಣ್ಣನವರೇ ಬಾಗಿಲಿಗೆ ಬಂದಿದ್ದಾರೆ. ನಿನ್ನನ್ನು ಕಂಡು ಕೈಮುಗಿಯಲು ಈಗಿನ ಬಸ್ಸಿಗೇ ಮತ್ತೋಡಿಗೆ ಹೊರಟಿದ್ದಾರಂತೆ, ‘ಅಜ್ಜಿಗೇನಾದ್ರೂ ಕೊಡದೈತೇನವ್ವ’ ಎಂದು ಕೇಳುತ್ತಿದ್ದಾರೆ. ಲಕೋಟೆ ಅಂಟಿಸಿ ಇದನ್ನೇ ಕೊಡುತ್ತಿದ್ದೇನೆ. ಈಗ ನಿನ್ನ ಮುಂದೆ ನಿಂತಿರುವವರು ಅವರೇ, ನೀನು ನಿಜವಾಗಿಯೂ ಒಪ್ಪಿದ್ದೀಯ ಎಂದುಕೊಂಡೇ ನಿಂತಿದ್ದಾರೆ. ಒಪ್ಪಿಗೆ ಇಲ್ಲವಾದರೆ ಅವರಿಗೆ ಏನೂ ಹೇಳಬೇಡ, ನನಗೆ ಫೋನ್ ಮಾಡಿಸು, ನಾನೇ ಅಳಿಸಿ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ. ಇದ್ದರೆ, ತಲೆ ಎತ್ತಿ ‘ಕುಂತ್ಕಳ್ರಿ’ ಅಂತ ಒಂದು ಮಾತು ಅನ್ನು ಅಜ್ಜಿ.