ಒಂದು ದೊನ್ನೆ

೯ ಮಾರ್ಚ್ ೧೯೩೭, ಮಂಗಳವಾರ. ಬೆಳಗ್ಗೆ ೬

ಉಪ್ಪು ಹಾಕಿದ ಮಜ್ಜಿಗೆ, ಐದು ಲೋಟ. ನಾಲ್ವರು ತಾವೇ ಹಿಡಿದು ಕುಡಿದರು. ಆತಗೂರಿನ ಮಾದಯ್ಯನಿಗೆ ಇಂದು ಮೂರನೆಯ ದಿನ. ಕೈಯಲ್ಲಿ ಲೋಟ ನಿಲ್ಲದು. ದೊಡ್ಡಸಿದ್ದಯ್ಯ ಹಿಡಿದು ಕುಡಿಸಿದ. ಆಶ್ರಮ ತೆರೆದ ಮೊದಲ ವರ್ಷ ಇಲ್ಲಿಗೇ ಬಂದು ಕುಡಿತ ಬಿಟ್ಟವನು. ಈಗ ಅಡುಗೆ, ಆರೈಕೆ ಎಲ್ಲ ಅವನದೇ.

"ನಡುಗ್ಲಿ ಬುಡ್ಲಾ. ನಾನು ನಡುಗ್ದಾಗ ಮಂಚಾನೇ ಓಡಾಡ್ತಿತ್ತು."

ಮಾದಯ್ಯ ನಕ್ಕ. ಬಂದ ಮೇಲೆ ಇದೇ ಮೊದಲು.

ಬೋರ್ಡಿನಲ್ಲಿ ಪಾನನಿರೋಧ ಆಶ್ರಮ ಎಂದು ಬರೆಸಿದ್ದೇನೆ. ಮದ್ದೂರಿನವರು ಮಜ್ಜಿಗೆ ಮನೆ ಅನ್ನುತ್ತಾರೆ. ಏಳು ವರ್ಷವಾಯಿತು, ತಿದ್ದುವುದನ್ನು ಬಿಟ್ಟಿದ್ದೇನೆ.

೧೪ ಮಾರ್ಚ್, ಭಾನುವಾರ

ಮಾದಯ್ಯ ಎರಡು ಮುದ್ದೆ ಉಂಡ. ಮಧ್ಯಾಹ್ನ ಅವನ ಹೆಂಡತಿ ಸಣ್ಣತಾಯಮ್ಮ ಮಳವಳ್ಳಿಯಿಂದ ಬಂದಳು. ಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಮನೆ ಸೇರಿ ನಾಲ್ಕು ತಿಂಗಳು. ಗಂಡನನ್ನು ಮಾತಾಡಿಸಲಿಲ್ಲ. ಕಂಬದ ಮರೆಯಿಂದ ನೋಡಿದಳು.

"ಅವ್ನ ಮಾತು ನಂಗೆ ಬ್ಯಾಡ ಮೇಷ್ಟ್ರೆ. ಯುಗಾದಿ ಕಳುದ್ಮೇಲೆ ನೀವು ಕಾಗ್ದ ಬರೀರಿ. ನಮ್ಮಣ್ಣ ಓದಿ ಯೋಳ್ತಾನೆ. ಅದ ಕೇಳಿ ಬತ್ತೀನಿ, ಇಲ್ಲಾಂದ್ರೆ ಅಲ್ಲೇ ಇರ್ತೀನಿ."

ಒಪ್ಪಿದೆ. ಮೂವತ್ತು ವರ್ಷ ಪಾಠ ಹೇಳಿದೆ. ನನ್ನ ಅಕ್ಷರಕ್ಕೆ ಇಷ್ಟು ತೂಕ ಯಾರೂ ಕೊಟ್ಟಿರಲಿಲ್ಲ.

ಸಂಜೆ ಬಂಗಾಳಿಯಿಂದ ಅನುವಾದವಾದ ಕಾದಂಬರಿ. ಕುಡುಕ ಜಮೀನ್ದಾರ ಒಂದೇ ಪ್ರಕರಣದಲ್ಲಿ ಸುಧಾರಿಸಿಬಿಟ್ಟ. ನಡುಕವಿಲ್ಲ, ವಾಂತಿಯಿಲ್ಲ... ಮಜ್ಜಿಗೆಯೂ ಇಲ್ಲ.

೨೧ ಮಾರ್ಚ್, ಭಾನುವಾರ

ಹದಿನೈದನೆಯ ದಿನ. ನಿಯಮದಂತೆ ಆಣೆ. ನಾನೇ ಮಾಡಿದ ನಿಯಮ: ಮನೆಗೆ ಹೋಗುವ ಮುಂಚೆ ಅವರವರ ಊರದೇವರ ಮುಂದೆ ನಿಂತು ಆಣೆ ಇಡಬೇಕು. ದೊಡ್ಡಸಿದ್ದಯ್ಯನೂ ಜೊತೆಗೆ ಬಂದ. ಆತಗೂರಿನಲ್ಲಿ ಮಾದಯ್ಯನ ಕೇರಿಯ ಮಾರಮ್ಮನ ಗುಡಿ. ಕರ್ಪೂರದ ಮೇಲೆ ಕೈಯಿಟ್ಟು ಹೇಳಿದ:

"ಎಂಡ ಬಾಯ್ಗಿಟ್ರೆ ಅಮ್ಮ ನನ್ನ ನೋಡ್ಕಳ್ಳಿ."

ಪುಸ್ತಕದಲ್ಲಿ ಬರೆದುಕೊಂಡೆ. ದೊಡ್ಡಸಿದ್ದಯ್ಯ ತಲೆ ಕೆರೆದುಕೊಂಡ.

ಹೆಂಡತಿಗೆ ಕಾಗದ ಬರೆಯಬೇಕಲ್ಲ — ಮಾದಯ್ಯ ಮಾತ್ರ ಪ್ರತಿ ಸೋಮವಾರ ಬಂದು ಮುಖ ತೋರಿಸಬೇಕು ಎಂದೆ. ಬೇರೆಯವರಿಗೆ ಆ ಕಟ್ಟುಪಾಡಿಲ್ಲ.

೫ ಏಪ್ರಿಲ್, ಸೋಮವಾರ

ಈ ಸೋಮವಾರವೂ ಬಂದ. ಗಡ್ಡ ಬೋಳಿಸಿದ್ದ. "ನಾಳೆ ಅಮ್ಮಂಗೆ ಎಡೆ ಇಡ್ತೀವಿ ಮೇಷ್ಟ್ರೆ..." ಎಂದ. ಒಳ್ಳೆಯದಾಯಿತು, ಕೈಮುಗಿದು ಬಾ ಅಂದೆ. ಹೊಸಬರಿಬ್ಬರು ಕಾದಿದ್ದರು. ಮಾದಯ್ಯ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಹೋದ.

೧೨ ಏಪ್ರಿಲ್, ಸೋಮವಾರ

ಬರಲಿಲ್ಲ.

೧೪ ಏಪ್ರಿಲ್, ಬುಧವಾರ

ಯುಗಾದಿ ಕಳೆಯಿತು. ಮಾದಯ್ಯ ಯಾಕೆ ಬರಲಿಲ್ಲ ಎಂದು ಬೆಳಗ್ಗೆ ದೊಡ್ಡಸಿದ್ದಯ್ಯನನ್ನು ಕೇಳಿದೆ. ಹಿಟ್ಟು ತೊಳಸುವ ಕೋಲು ಕೆಳಗಿಟ್ಟು ಹೇಳಿದ. ಆ ಅಮ್ಮನ ಎಡೆ ಎಂದರೆ ಹೆಂಡ. ಗಡಿಗೆ ಹೊರುವುದು ಮಾದಯ್ಯನ ಮನೆತನ. ಅಮ್ಮನಿಗಿಟ್ಟ ಮೇಲೆ ಮೊದಲ ದೊನ್ನೆ ಹೊತ್ತವನು ಕುಡಿಯಬೇಕು.

ಮೊಸರನ್ನ ಎಂದುಕೊಂಡಿದ್ದೆ.

"ಮೊದಲೇ ಯಾಕಯ್ಯ ಹೇಳಲಿಲ್ಲ?"

"ಊರ್ಗೆಲ್ಲ ಗೊತ್ತಿರೋದು. ನಿಮಗೊಬ್ರಿಗೆ ಗೊತ್ತಿಲ್ಲ ಅಂತ ನಂಗೇನು ಕನ್ಸು ಬಿದ್ದಿತ್ತಾ? ಓದ್ದೋರು, ತಿಳ್ದೇ ಆ ಅಮ್ಮನ ಮುಂದೆ ನಿಲ್ಸವ್ರೆ ಅನ್ಕಂಡೆ."

ಸಂಜೆ

ಆತಗೂರಿಗೆ ಹೋಗಿ ಬಂದೆ. ಮಾದಯ್ಯ ಹುಲ್ಲಿನ ಮೆದೆಗೆ ಒರಗಿ ಕೂತಿದ್ದ. ಬಾಯಿ ವಾಸನೆ ಇಲ್ಲ. ಕೈ ನಡುಕವೂ ಇಲ್ಲ — ನೋಡಿದೆ.

"ಒಂದೇ ದೊನ್ನೆ ಮೇಷ್ಟ್ರೆ. ಅಮ್ಮ ಕೊಟ್ಟಿದ್ದ ಬ್ಯಾಡ ಅಂದ್ರೂ ತಪ್ಪು, ಕುಡುದ್ರೂ ತಪ್ಪು. ನೀವೇ ಯೋಳಿ, ಯಾವ್ ತಪ್ಪ ಮಾಡ್ಬೇಕಿತ್ತು?"

"ಆಮೇಲೆ?"

"ಗಡಿಗೆ ಅಲ್ಲೇ ಬುಟ್ಟು ಓಡ್ಬಂದೆ."

"ಸೋಮವಾರ ಯಾಕೆ ಬರಲಿಲ್ಲ?"

"ಆಣೆ ಮುರ್ದೋನು ಯಾವ್ ಮಕ ಇಟ್ಕಂಡು ಬರ್ಲಿ?"

ಮನೆಗೆ ಬಂದು ಪುಸ್ತಕ ತೆಗೆದೆ. ಏಳು ವರ್ಷದಲ್ಲಿ ಆಣೆ ಇಟ್ಟು ಹೋದವರು, ಮತ್ತೆ ಈ ಬಾಗಿಲಿಗೆ ಬಾರದವರು — ಇಪ್ಪತ್ತಮೂರು ಮಂದಿ. ಎಲ್ಲರ ಹೆಸರಿನ ಎದುರಿಗೂ ನನ್ನ ಕೈಯಲ್ಲೇ ಬರೆದಿದೆ: ಗುಣವಾಯಿತು.

೧೫ ಏಪ್ರಿಲ್, ಗುರುವಾರ

ಸಣ್ಣತಾಯಮ್ಮನಿಗೆ ಕಾರ್ಡು. ಮೂರು ಹರಿದೆ.

"ಕುಡಿದಿಲ್ಲ ಅಂತ ಬರ್ದಾಕಿ ಅತ್ಲಾಗೆ," ಎಂದ ದೊಡ್ಡಸಿದ್ದಯ್ಯ. "ಒಂದ್ ದೊನ್ನೆ ಒಂದು ಕುಡ್ತವಾ? ಒಂದು ಸಂಸಾರ ನೆಟ್ಟಗಾಯ್ತದೆ."

ಕಾದಂಬರಿಗಳಲ್ಲಿ ಇಂಥ ಪತ್ರ ನಾಲ್ಕು ಪುಟ ಬರುತ್ತದೆ. ಕಾರ್ಡಿನಲ್ಲಿ ಹಿಡಿಸಿದ್ದು ಇಷ್ಟು: ಆರನೆಯ ತಾರೀಖು ಅಮ್ಮನ ಎಡೆಯಲ್ಲಿ ಒಂದು ದೊನ್ನೆ ಕುಡಿದಿದ್ದಾನೆ. ಅದಕ್ಕೆ ಮುಂಚೆ ಇಲ್ಲ. ಆಮೇಲೆ ಇಲ್ಲ ಎನ್ನುತ್ತಾನೆ, ನಾನು ನಂಬಿದ್ದೇನೆ. ಆ ದೇವರ ಮುಂದೆ ಆಣೆ ಇಡಿಸಿದ್ದು ನನ್ನ ತಪ್ಪು.

ಡಬ್ಬಿಗೆ ಹಾಕಿ ಬಂದೆ. ಕೈ ನಡುಗುತ್ತಿತ್ತು. ದೊಡ್ಡಸಿದ್ದಯ್ಯ ನೋಡಿದ.

"ಮಜ್ಜಿಗೆ ಕೊಡ್ಲಾ?"

೧೯ ಏಪ್ರಿಲ್, ಸೋಮವಾರ

ಉತ್ತರವಿಲ್ಲ. ಮಾದಯ್ಯನೂ ಇಲ್ಲ.

೨೨ ಏಪ್ರಿಲ್, ಗುರುವಾರ. ಸಂಜೆ ೫

ಬೆಳಗ್ಗೆ ಮಳವಳ್ಳಿ ಬಸ್ಸಿನಲ್ಲಿ ಬಂದಳು. ಎರಡು ಮಕ್ಕಳು, ಒಂದು ತಗಡಿನ ಪೆಟ್ಟಿಗೆ. ಕಾರ್ಡನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು.

"ಎಡೆ ದಿನ ನಂಗೊತ್ತಿಲ್ವಾ ಮೇಷ್ಟ್ರೆ? ಹತ್ತು ವರ್ಸ ಆ ಗಡಿಗೆ ತೊಳ್ದವ್ಳು ನಾನು. ಕುಡಿದೇ ಇಲ್ಲ ಅಂತ ನೀವು ಬರ್ದಿದ್ರೆ ಪೆಟ್ಟಿಗೆ ಎತ್ತುತ್ಲೇ ಇರ್ಲಿಲ್ಲ."

"ಗೊತ್ತಿದ್ದೂ ನನಗೆ ಹೇಳಲಿಲ್ಲವಲ್ಲಮ್ಮ?"

"ನೀವೇನು ಬರೀತೀರಿ ನೋಡುಮಾ ಅಂತಿದ್ದೆ." ಮಕ್ಕಳನ್ನು ದೊಡ್ಡಸಿದ್ದಯ್ಯನ ಹತ್ತಿರ ಕೂರಿಸಿದಳು. "ಅವ್ನ ಎಳ್ಕಂಡು ಬತ್ತೀನಿ. ಮಜ್ಜಿಗೆ ಮಡಗಿರಿ."

ಆಗಿನಿಂದ ಪುಸ್ತಕದ ಮುಂದೆ ಕೂತಿದ್ದೇನೆ. ಆಣೆಯ ನಿಯಮಕ್ಕೆ ಗೆರೆ ಎಳೆದೆ. ಇಪ್ಪತ್ತಮೂರು ಕಡೆ 'ಗುಣವಾಯಿತು' ಹೊಡೆದುಹಾಕಿದೆ. ಮೊದಲ ಹೆಸರು ಕರಿಯಪ್ಪ, ಶಿವಪುರ. ನಡೆದೇ ಹೋಗಬಹುದು. ಆರು ವರ್ಷದ ಮೇಲೆ ಅವನ ಬಾಗಿಲಲ್ಲಿ ನಿಂತು ಏನೆಂದು ಕೇಳಲಿ? ಆಣೆಯ ಮಾತು ಎತ್ತಬಾರದು. ಸುಮ್ಮನೆ, ಬಾರಯ್ಯ ಎಂದರೆ...

ಬೀದಿಯಲ್ಲಿ ಸಣ್ಣತಾಯಮ್ಮನ ದನಿ. "ನಡಿ ಒಳೀಕೆ, ನಾಚ್ಕಂಡಿದ್ದು ಸಾಕು." ದೊಡ್ಡಸಿದ್ದಯ್ಯ ಲೋಟ ತೊಳೆಯುತ್ತಿದ್ದಾನೆ. ಬಾಗಿಲು ತೆಗೆಯಲು ನಾನೇ —