ಏಳೂವರೆಯ ವ್ಯಾನು

ಜೂನ್ 4, ಬೆಳಿಗ್ಗೆ 8

ಬಂದವರೇ, ಬರಬೇಕಾದವರೇ, ಕೊನೆಯ ಬೆಂಚಿನಲ್ಲಿ ಕಾಲು ಚಾಚಿ ಕುಳಿತವರೇ — ಕೇಳಿಸುತ್ತಿದೆಯೇ? ಇಂದು ಸಭೆ ತೆಳ್ಳಗಿದೆ. ಮುಂದಿನ ಸಾಲಿನಲ್ಲಿ ಮಾತ್ರೆ ಡಬ್ಬಿಗಳು, ಹಿಂದೆ ಎರಡು ಕುರ್ಚಿ, ಒಂದು ಫ್ರಿಜ್. ಇರಲಿ. ಐದೇ ಜನರ ಮುಂದೆ ರಂಗದ ಮೇಲೆ ಚಕ್ರವರ್ತಿಯಾಗಿ ಸತ್ತವನು ನಾನು.

ವ್ಯಾನು ಬಂತು. ಹೋಯಿತು. ಹೆಂಡತಿ ಹತ್ತಲಿಲ್ಲ.

ನೆರವು ಕೇಂದ್ರದ ವ್ಯಾನು. ಕ್ಯಾನ್ಸರ್ ಇರುವವರನ್ನು ಮನೆಯಿಂದ ಆಸ್ಪತ್ರೆಗೆ ಒಯ್ದು ಮರಳಿ ತಂದುಬಿಡುತ್ತದೆ. ಏಳೂವರೆಗೆ ಗೇಟಿನಲ್ಲಿ ಬಂದು ಹತ್ತು ನಿಮಿಷ ನಿಲ್ಲುತ್ತದೆ. ಇವತ್ತು ನಾಲ್ಕನೇ ಕೀಮೋ, ಆರರಲ್ಲಿ. ಮೂರು ಮುಗಿಸಿದವಳು ಕೋಣೆಯ ಚಿಲಕ ಹಾಕಿಕೊಂಡಳು. ಒಳಗಿನಿಂದ ಒಂದೇ ಮಾತು: "ಸಾಕು."

ರಾಜನಾಗಿ ಆಜ್ಞಾಪಿಸಿದೆ. ಭಿಕ್ಷುಕನಾಗಿ ಮಂಡಿಯೂರಿದೆ. ಪಕ್ಕದ ಮನೆಯವರು ಕಿಟಕಿ ತೆರೆದರು. ಅವಳ ಬಾಗಿಲು ತೆರೆಯಲಿಲ್ಲ.

ಜೂನ್ 5

ಡಾಕ್ಟರ್ ಫೋನ್. ಹೊಟ್ಟೆಯ ಗಡ್ಡೆ ಅರ್ಧಕ್ಕೆ ಇಳಿದಿದೆಯಂತೆ. ಒಂದು ವಾರ ತಡವಾದರೆ ನಡೆದೀತು, ಅದರಾಚೆಗೆ ಏನೂ ಹೇಳಲಾರೆ ಎಂದರು. ಹನ್ನೊಂದನೇ ತಾರೀಕಿಗೆ ಮತ್ತೆ ಕೀಮೋ ಕುರ್ಚಿ ಕಾದಿರಿಸಿದ್ದಾರೆ.

ಅವಳಿಗೆ ಹೇಳಿದೆ. ಹೇಳಿದೆ ಎಂದರೆ — ಸಾರಿದೆ. ಗೋಡೆಯ ಕಡೆ ತಿರುಗಿ ಮಲಗಿದಳು.

ಜೂನ್ 7, ಸಂಜೆ 6

ಕೇಂದ್ರಕ್ಕೆ ಹೋದೆ. ಟೈಲರ್ ಅಂಗಡಿಯ ಮೇಲಿನ ಮಹಡಿ. ಶನಿವಾರ ರೋಗಿಗಳ ಮನೆಯವರು ಸುತ್ತಲೂ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಡೆಸುವವರು ನರ್ಸಮ್ಮ, ಕೆಲಸದಿಂದ ನಿವೃತ್ತರಾದವರು. ನಿಯಮ ಎರಡೇ. ಒಬ್ಬರಿಗೆ ಮೂರು ನಿಮಿಷ. ಉಳಿದವರು ಸಲಹೆ ಕೊಡುವಂತಿಲ್ಲ. ಮೇಜಿನ ಮೇಲೆ ಅಡುಗೆಮನೆಯ ಟೈಮರ್.

ಎದ್ದು ನಿಂತೆ. ಇಲ್ಲಿ ಯಾರೂ ಏಳುವುದಿಲ್ಲ ಎಂದು ಎದ್ದ ಮೇಲೆ ತಿಳಿಯಿತು. ಎಲ್ಲ ಹೇಳಿದೆ. ಮೂರು ಕೀಮೋದಲ್ಲೂ ಅವಳ ಪಕ್ಕ ನಿಂತು ವಾರ್ಡಿನ ಎಂಟು ಕುರ್ಚಿಗಳಿಗೂ ಕೇಳುವಂತೆ ನಾಟಕವಾಡಿದ್ದು. ಡ್ರಿಪ್ ಸ್ಟ್ಯಾಂಡನ್ನು ಸೇನಾಪತಿ ಮಾಡಿದ್ದು. ಅವಳು ವಾಂತಿ ಮಾಡಿಕೊಂಡಾಗ, ಶತ್ರು ಕೋಟೆ ಬಿಟ್ಟು ಓಡಿದ ಎಂದು ಘೋಷಿಸಿದ್ದು. ವಾರ್ಡಿಗೆ ವಾರ್ಡೇ ನಕ್ಕಿದ್ದು. ಅವಳೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಲುಕಿಸಿ ನಕ್ಕಿದ್ದು. ಇಷ್ಟೆಲ್ಲ ಮಾಡಿದರೂ ಯಾಕೆ ಬರುವುದಿಲ್ಲ ಅನ್ನುತ್ತಾಳೆ?

ಟೈಮರ್ ಕೂಗಿತ್ತಂತೆ. ನನ್ನ ದನಿ ಅದಕ್ಕಿಂತ ದೊಡ್ಡದು. ತಾಯಿಯನ್ನು ನೋಡಿಕೊಳ್ಳುತ್ತಿರುವ ಬಸ್ ಕಂಡಕ್ಟರ್ ಒಬ್ಬ ಮೆಲ್ಲಗೆ ಅಂದ: "ಅಣ್ಣಾ, ನಿಮ್ ಸ್ಟಾಪು ದಾಟಿ ನಾಲ್ಕು ನಿಮಿಷ ಆಯ್ತು. ಇಳೀರಿ." ಎಲ್ಲರೂ ನಕ್ಕರು. ನಾನೂ.

ಹೊರಡುವಾಗ ಮೆಟ್ಟಿಲ ಹತ್ತಿರ ನರ್ಸಮ್ಮ ಒಂದೇ ಒಂದು ಕೇಳಿದರು. "ಟವೆಲಿನ ಹಿಂದೆ ಅವರು ನಗ್ತಾ ಇದ್ರು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಮೆಟ್ಟಿಲ ಕಂಬಿ ಹಿಡಿದು ಇಳಿದು ಬಂದೆ.

ಹತ್ತನೇ ಸಾಲಿನಿಂದ ನೋಡಿದರೆ ಅಳುವೂ ನಗುವೂ ಒಂದೇ. ಭುಜ ಅಲುಗುತ್ತದೆ, ಅಷ್ಟೇ. ನಾಟಕದವರಿಗೆ ಅಳುವುದನ್ನು ಕಲಿಸಿದ್ದೇ ಹಾಗೆ. ಆದರೆ ನಾನು ಹತ್ತನೇ ಸಾಲಿನಲ್ಲಿರಲಿಲ್ಲ. ಅವಳ ಪಕ್ಕದಲ್ಲೇ ಇದ್ದೆ.

ಜೂನ್ 8

ಬೆಳಗಿನಿಂದ ಬಾಯಿ ಬಿಟ್ಟಿಲ್ಲ. ಯಾರೂ ಹೇಳಿದ್ದಲ್ಲ, ನಾನೇ ನಿರ್ಧರಿಸಿದ್ದು. ಅವಳಿಗೆ ಗಾಬರಿ. ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು. ಬೆರಳು ತಣ್ಣಗಿತ್ತು. ಉಗುರುಗಳೆಲ್ಲ ಕಪ್ಪಾಗಿವೆ. ಯಾವಾಗ ಆದವೋ... ಈಗ ನೋಡಿದೆ.

ಜೂನ್ 10, ಮಧ್ಯಾಹ್ನ 3

ಮೌನದ ಮೂರನೇ ದಿನ. ಕಿಟಕಿಯ ಹತ್ತಿರ ಕೂತಿದ್ದೆವು. ನನ್ನ ಕಡೆ ನೋಡದೆ ಶುರು ಮಾಡಿದಳು.

"ಔಷಧಿಗೆ ಹೆದರಲ್ಲ ನಾನು. ವಾಂತಿಗೂ ಹೆದರಲ್ಲ. ಅದಕ್ಕೆ ಎಂಟು ಜನ ನಗ್ತಾರಲ್ಲ... ಈ ಹೊಟ್ಟೇಲಿರೋದು ನಂದು ಕಣ್ರೀ. ಅದನ್ನೂ ನೀವೇ ತಗೊಂಡ್ಬಿಟ್ರಿ."

ಅವಳ ಕಪ್ಪಾದ ಉಗುರುಗಳನ್ನೇ ನೋಡುತ್ತ ಕೂತೆ.

"ನೀವು ಬರ್ಲಿಲ್ಲಾಂದ್ರೆ ನಾಳೆ ಹೋಗ್ತೀನಿ."

"ಒಬ್ಳೇನಾ?" ಮೂರು ದಿನದಲ್ಲಿ ನನ್ನ ಮೊದಲ ಮಾತು.

ಒಬ್ಬಳೇ ಅಲ್ಲ. ಕೇಂದ್ರದಿಂದ ಜೊತೆಗೆ ಬರುವವರಿದ್ದಾರೆ. ಇವಳೇ ಫೋನ್ ಮಾಡಿ ಕೇಳಿದ್ದಾಳೆ — ಕೇಂದ್ರದ ಕೆಳಗಿನ ಅಂಗಡಿಯ ಟೈಲರಮ್ಮ. ಅವರ ಕೀಮೋ ಮುಗಿದು ಆರು ವರ್ಷವಾಯಿತಂತೆ. ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಾರಂತೆ. ಕೇಳಿದ್ದಕ್ಕೆ ಮಾತ್ರ ಉತ್ತರವಂತೆ.

ನಲವತ್ತು ವರ್ಷದ ಸಂಸಾರ. ಪಕ್ಕ ಕೂರಲು ಇನ್ನೊಬ್ಬರನ್ನು ಕರೆದಳು. ಎದೆಯೊಳಗೆ ಪರದೆ ಹರಿದಂತೆ... ಬೇಡ. ಆ ಮಾತು ಬೇಡ. ನೋವಾಯಿತು.

ಹೂಂ ಅಂದೆ.

ಜೂನ್ 10, ಸಂಜೆ 7

ಬ್ಯಾಗ್ ತುಂಬಿದೆ. ಎರಡು ಟವೆಲು, ಶಾಲು, ನೀರಿನ ಬಾಟಲಿ, ಉಣ್ಣೆಯ ಟೋಪಿ. ಫೈಲ್.

ಕೀಮೋ ಎಂದರೆ ಆರು ಗಂಟೆ. ನಮ್ಮಿಬ್ಬರಿಗೆ ಇನ್ನೆಷ್ಟು ಗಂಟೆ ಉಳಿದಿದೆ ಎಂದು ಡಾಕ್ಟರಿಗೂ ಗೊತ್ತಿಲ್ಲ. ಅದರಲ್ಲಿ ಆರು ಕೊಟ್ಟುಬಿಡಬೇಕು. ಮತ್ತೆರಡು ಸಲ ಹೋದರೆ, ಇನ್ನೂ ಹನ್ನೆರಡು. ಕೊಡದಿದ್ದರೆ ಅವಳು ಹತ್ತುವುದಿಲ್ಲ.

ಮಹಾಜನಗಳೇ — ಮಾತ್ರೆ ಡಬ್ಬಿಗಳೇ, ಫ್ರಿಜ್ಜೇ — ಮೆಲ್ಲಗೆ ಹೇಳುತ್ತೇನೆ, ಆಚೆ ಕೋಣೆಯಲ್ಲಿ ಮಲಗಿದ್ದಾಳೆ. ನಾಳೆ ಬೆಳಿಗ್ಗೆ ಏಳೂಕಾಲಿಗೆ ಕೈ ಹಿಡಿದು ಮೆಟ್ಟಿಲಿಳಿಸುತ್ತೇನೆ. ಬ್ಯಾಗನ್ನು ಟೈಲರಮ್ಮನ ಕೈಗೆ ಕೊಡುತ್ತೇನೆ. ವ್ಯಾನಿನ ಬಾಗಿಲನ್ನು ಹೊರಗಿನಿಂದ ನಾನೇ ಮುಚ್ಚುತ್ತೇನೆ. ಕೈ ಬೀಸುವುದಿಲ್ಲ, ಬೀಸಿದರೆ ಬಾಯಿ ತೆರೆದುಕೊಳ್ಳುತ್ತದೆ. ವ್ಯಾನು ತಿರುವು ದಾಟುವವರೆಗೆ ಗೇಟು ಹಿಡಿದು ನಿಲ್ಲುತ್ತೇನೆ. ಆಮೇಲೆ ಒಳಗೆ ಬಂದು, ಆರು ಗಂಟೆ ನಿಮ್ಮ ಸಾಲಿನಲ್ಲೇ ಕೂರುತ್ತೇನೆ.